ನನಗಿಂತ ಹಿರಿಯ ಶಿಕ್ಷಕರಿಗೆ ನಾನು ಏನು ಹೇಳಿಕೊಡಲಿ?

ಪ್ರಶ್ನೆ: ಮೇಡಂ, ನಮಸ್ಕಾರ. ನಾನು ಮುಧೋಳ ತಾಲೂಕಿನ ಒಂದು ಕ್ಲಸ್ಟರ್‌ಗೆ ಈ ವರ್ಷ ಸಿಆರ್‌ಪಿ, ಅಂದರೆ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ ಆಗಿ ಬಂದಿದ್ದೇನೆ. ಅದಕ್ಕೂ ಮೊದಲು ಒಂಬತ್ತು ವರ್ಷ ಹಳ್ಳಿ ಶಾಲೆಯಲ್ಲಿ ಗಣಿತ ಕಲಿಸಿದೆ. ಈಗ ಕ್ಲಸ್ಟರ್‌ನ 14 ಶಾಲೆಗಳ ಶಿಕ್ಷಕರಿಗೆ ನೆರವಾಗುವ ಜವಾಬ್ದಾರಿ ಇದೆ. ಸಮಾಲೋಚನಾ ಸಭೆಗೆ ಶಿಕ್ಷಕರು ಬರುತ್ತಾರೆ, ಸಹಿ ಮಾಡುತ್ತಾರೆ, ಗಡಿಯಾರ ನೋಡುತ್ತಾ ಕೂರುತ್ತಾರೆ. ಅರ್ಧಕ್ಕಿಂತ ಜಾಸ್ತಿ ಜನ ನನಗಿಂತ ಹಿರಿಯರು. ಒಬ್ಬರು ಎದುರಿಗೇ ಅಂದರು: "ಮೇಡಂ, ಇಂಥಾವು ಭಾಳ ನೋಡೇವ್ರೀ." ಇವರ ವೃತ್ತಿ ಬೆಳವಣಿಗೆಗೆ ನಾನು ಹೇಗೆ ಮುಂದಾಳಾಗಲಿ? ಇನ್ನೊಂದು ಮಾತು. ತರಗತಿ ಬಿಟ್ಟ ಮೇಲೆ ನನ್ನ ಕಲಿಕೆಯೇ ನಿಂತುಹೋದ ಹಾಗೆ ಅನಿಸುತ್ತಿದೆ. ಇದಕ್ಕೇನು ಮಾಡಲಿ?

ಉತ್ತರ: ನಿಮ್ಮ ಪತ್ರದ ಕೊನೆಯ ಮಾತಿನಿಂದಲೇ ಶುರು ಮಾಡುತ್ತೇನೆ. ನೀವು ಎರಡು ಪ್ರಶ್ನೆ ಕೇಳಿದ್ದೀರಿ. ನನ್ನ ಅನುಭವದಲ್ಲಿ ಅವೆರಡೂ ಒಂದೇ. ನೀವು ಮತ್ತೆ ಮಕ್ಕಳ ಮುಂದೆ ನಿಂತ ದಿನ ನಿಮ್ಮ ಕಲಿಕೆ ಶುರುವಾಗುತ್ತದೆ. ಹಿರಿಯ ಶಿಕ್ಷಕರು ಗಡಿಯಾರದಿಂದ ಕಣ್ಣು ತೆಗೆಯುವುದೂ ಅವತ್ತೇ.

ಇದನ್ನು ನಾನು ತಡವಾಗಿ ತಿಳಿದುಕೊಂಡೆ. ಹೇಗೆ ಅಂತ ಹೇಳುತ್ತೇನೆ.

ನಾನು ಶಿಕ್ಷಕರಿಗೆ ತರಬೇತಿ ಕೊಡುವ ಕೆಲಸಕ್ಕೆ ಬಂದ ಹೊಸತು. ವಿಜಯಪುರ ಜಿಲ್ಲೆಯ ನಲವತ್ತು ಶಿಕ್ಷಕರಿಗೆ ಐದು ದಿನದ ಗಣಿತ ತರಬೇತಿ. ಕಳೆಯುವ ಲೆಕ್ಕಕ್ಕೇ ಒಂದು ಇಡೀ ದಿನ ಕೊಟ್ಟಿದ್ದೆವು. ಹತ್ತರ ಕಟ್ಟು, ಬಿಡಿ ಕಡ್ಡಿ, ಬಣ್ಣದ ಚಾರ್ಟು, ಗುಂಪು ಚಟುವಟಿಕೆ, ಎಲ್ಲ ಇತ್ತು. ಕೊನೆಯ ದಿನ ಶಿಕ್ಷಕರು ತುಂಬಾ ಚೆನ್ನಾಗಿ ಮಾತಾಡಿದರು. ನಾನು ಖುಷಿಯಿಂದ ಮನೆಗೆ ಹೋದೆ.

ಎರಡು ತಿಂಗಳು ಬಿಟ್ಟು ಅದೇ ತರಬೇತಿಗೆ ಬಂದಿದ್ದ ಒಬ್ಬ ಶಿಕ್ಷಕಿಯ ಶಾಲೆಗೆ ಹೋದೆ. ನಲಿಕಲಿ ಕೋಣೆ, ಅಂದರೆ ಚಟುವಟಿಕೆಗಳ ಮೂಲಕ ಕಲಿಸುವ ಕೋಣೆ. ಒಂದು, ಎರಡು, ಮೂರನೇ ತರಗತಿ ಮಕ್ಕಳು ಒಟ್ಟಿಗೆ ಕೂತಿದ್ದರು. ಮೂರನೇ ತರಗತಿಯವರಿಗೆ ಹಲಗೆಯ ಮೇಲೆ 52ರಲ್ಲಿ 27 ಕಳೆಯುವ ಲೆಕ್ಕ. "ಎರಡರಾಗ ಏಳು ಹೋಗಂಗಿಲ್ಲ, ಬಾಜೂ ಮನಿಯಿಂದ ಕಡಾ ತಗೋ" ಅಂತ ಅಕ್ಕೋರು ಹೇಳುತ್ತಿದ್ದರು. ನಮ್ಮ ಚಾರ್ಟು ಸುರುಳಿ ಸುತ್ತಿಕೊಂಡು ಕಪಾಟಿನ ಮೇಲೆ ಇತ್ತು. ನಾನು ಹಿಂದೆ ಹೋಗಿ ಒಬ್ಬ ಹುಡುಗಿಯ ಪಕ್ಕ ಕೂತೆ. ಅವಳು 35 ಅಂತ ಬರೆದಳು. ಐದರಲ್ಲಿ ಎರಡು ಹೋದರೆ ಮೂರು, ಏಳರಲ್ಲಿ ಎರಡು ಹೋದರೆ ಐದು. ದೊಡ್ಡದರಲ್ಲಿ ಸಣ್ಣದನ್ನು ಕಳೆಯಬೇಕು ಅಂತ ಯಾರೋ ಹೇಳಿದ್ದನ್ನು ಅವಳು ನಂಬಿಕೆಯಿಂದ ಪಾಲಿಸಿದ್ದಳು. ಅಕ್ಕೋರು ಬಂದು ತಪ್ಪು ಗುರುತು ಹಾಕಿ ಮುಂದೆ ಹೋದರು.

ಊಟದ ಬಿಡುವಿನಲ್ಲಿ ನಾನು ಕೇಳಿದೆ, ಕಡ್ಡಿ ಯಾಕೆ ಬಳಸಲಿಲ್ಲ ಅಂತ. ಅವರು ಮುಚ್ಚುಮರೆ ಇಲ್ಲದೆ ಹೇಳಿದರು: "ತರಬೇತಿ ಚಲೋ ಇತ್ರೀ ಮೇಡಂ. ಆದ್ರ ಮೂರೂ ಕ್ಲಾಸ್ ಕೂಡಿಸಿಕೊಂಡು ಕಡ್ಡಿ ಹಂಚೂದ್ರಾಗ ಗಂಟಿ ಹೊಡೀತದ."

ನನ್ನ ಹತ್ತಿರ ಉತ್ತರ ಇರಲಿಲ್ಲ. ತರಬೇತಿಯಲ್ಲಿ ನಾವು ಕಡ್ಡಿ ಹಂಚಿದ್ದು ನಲವತ್ತು ದೊಡ್ಡವರಿಗೆ. ಅವರಲ್ಲಿ ಯಾರೂ ಕಡ್ಡಿಯನ್ನು ಕತ್ತಿ ಮಾಡಿಕೊಂಡು ಆಡುವವರಲ್ಲ. ಮರುದಿನ ನಾನೇ ಆ ತರಗತಿಯಲ್ಲಿ ಪಾಠ ಮಾಡಿದೆ. ಅವರು ಹೇಳಿದ್ದು ಅಕ್ಷರಶಃ ನಿಜವಾಯಿತು. ಕಡ್ಡಿ ಹಂಚಿ ಮುಗಿಯುವ ಹೊತ್ತಿಗೆ ಅರ್ಧ ಅವಧಿ ಹೋಗಿತ್ತು. ಒಂದನೇ ತರಗತಿಯ ಇಬ್ಬರು ಜಗಳಕ್ಕೆ ಬಿದ್ದಿದ್ದರು.

ಅವತ್ತು ಸಂಜೆ ನಾವಿಬ್ಬರೂ ಕೂತು ಯೋಚನೆ ಮಾಡಿದೆವು. ಎಲ್ಲರಿಗೂ ಕಡ್ಡಿ ಬೇಡ. ಇಬ್ಬರಿಗೆ ಒಂದು ಚೀಲ ಸಾಕು. ಚೀಲದಲ್ಲಿ ಮೊದಲೇ ಐದು ಕಟ್ಟು, ಎರಡು ಬಿಡಿ ಹಾಕಿಟ್ಟರೆ ಹಂಚುವ ತಾಪತ್ರಯ ಇಲ್ಲ. ತೊಗರಿ ಕಟ್ಟಿಗೆಯ ಸಣ್ಣ ಕಡ್ಡಿಗಳನ್ನು ಮುರಿದು, ರಬ್ಬರ್ ಬ್ಯಾಂಡ್ ಹಾಕಿ, ಚೀಲ ತಯಾರು ಮಾಡಿದೆವು. ಮೂರನೇ ದಿನ ಅವರು ಪಾಠ ಮಾಡಿದರು, ನಾನು ಹಿಂದೆ ಕೂತೆ. ಈ ಸಲ ಹಂಚಿದ್ದು ಎರಡೇ ನಿಮಿಷದಲ್ಲಿ ಮುಗಿಯಿತು. ಪಾಠ ನಡೆದಿತ್ತು. "ಕಡಾ ತಗೋ" ಅಂದಾಗ ಒಬ್ಬ ಹುಡುಗ ಎದ್ದು ನಿಂತು ಕೇಳಿದ: "ಅಕ್ಕೋರೆ, ಕಡಾ ತಗೊಂಡದ್ದು ಹೊಳ್ಳಿ ಯಾವಾಗ ಕೊಡೂದ್ರೀ?"

ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಹುಡುಗ ಕೇಳಿದ್ದು ಸರಿಯಾಗೇ ಇತ್ತು. ಕಳೆಯುವ ಲೆಕ್ಕದಲ್ಲಿ ಯಾರೂ ಯಾರಿಂದಲೂ ಕಡ ತರುವುದಿಲ್ಲ. ಒಂದು ಹತ್ತರ ಕಟ್ಟನ್ನು ಬಿಚ್ಚುತ್ತೇವೆ, ಅಷ್ಟೇ. ಐದು ಕಟ್ಟು ಎರಡು ಬಿಡಿ ಇದ್ದದ್ದು ನಾಲ್ಕು ಕಟ್ಟು ಹನ್ನೆರಡು ಬಿಡಿ ಆಗುತ್ತದೆ. ಆಗಲೂ ಅದು 52. ಅವತ್ತಿನಿಂದ ಆ ಶಾಲೆಯಲ್ಲಿ "ಕಡಾ ತಗೋ" ಹೋಗಿ "ಕಟ್ಟು ಬಿಚ್ಚು" ಬಂತು. ಒಂದು ಮಾತು ಬದಲಾದದ್ದಕ್ಕೆ ಮಕ್ಕಳ ಪಾಟಿಯ ಮೇಲಿನ 35 ಕಡಿಮೆಯಾಗುತ್ತಾ ಹೋದದ್ದನ್ನು ನಾನೇ ನೋಡಿದೆ.

ಐದು ದಿನದ ತರಬೇತಿ ಮಾಡದ ಕೆಲಸವನ್ನು ಆ ಮೂರು ದಿನ ಮಾಡಿತು. ಇಬ್ಬರೂ ಬೆಳೆದೆವು. ನಾನು ಸ್ವಲ್ಪ ಜಾಸ್ತಿಯೇ ಬೆಳೆದೆ.

ಈಗ ನಿಮ್ಮ ಸಭೆಯ ವಿಷಯಕ್ಕೆ ಬರೋಣ. "ಇಂಥಾವು ಭಾಳ ನೋಡೇವ್ರೀ" ಅಂದ ಗುರುಗಳ ಮೇಲೆ ಬೇಸರ ಮಾಡಿಕೊಳ್ಳಬೇಡಿ. ಅವರು ನಿಜವಾಗಿಯೂ ನೋಡಿದ್ದಾರೆ. ನಲಿಕಲಿ ಎಚ್.ಡಿ. ಕೋಟೆಯಲ್ಲಿ ಶುರುವಾದದ್ದು 1995ರಲ್ಲಿ. ಮುಂದೆ ಅದು ರಾಜ್ಯಕ್ಕೆಲ್ಲ ಹರಡಿತು. ಸರ್ವ ಶಿಕ್ಷಾ ಅಭಿಯಾನ ಬಂದ ಮೇಲೆ ವರ್ಷಕ್ಕೆ ಇಪ್ಪತ್ತು ದಿನ ತರಬೇತಿ ಎಂಬ ಲೆಕ್ಕ ಬಂತು, ಅದರಲ್ಲಿ ಹತ್ತು ದಿನ ಕ್ಲಸ್ಟರ್ ಸಭೆಗಳದ್ದು. 2019ರಲ್ಲಿ ಕೇಂದ್ರದ ನಿಷ್ಠಾ ತರಬೇತಿ ಬಂತು. ಕೊರೊನಾ ಕಾಲದಲ್ಲಿ ಅದೇ ದೀಕ್ಷಾ ಎಂಬ ಆನ್‌ಲೈನ್ ವೇದಿಕೆಯೊಳಗೆ ಮೊಬೈಲಿಗೆ ಬಂತು. ಆಮೇಲೆ, ಆ ಕಾಲದಲ್ಲಿ ಹಿಂದೆ ಬಿದ್ದ ಕಲಿಕೆಯನ್ನು ತುಂಬಲು, ಕಲಿಕಾ ಚೇತರಿಕೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಪ್ರತಿ ಶಿಕ್ಷಕರಿಗೆ ವರ್ಷಕ್ಕೆ ಕನಿಷ್ಠ 50 ಗಂಟೆ ವೃತ್ತಿ ಬೆಳವಣಿಗೆ ಅಂತ ಹೇಳಿತು. ಒಬ್ಬ ಮನುಷ್ಯ ಇಷ್ಟನ್ನೆಲ್ಲ ದಾಟಿ ಬಂದಿರುವಾಗ ಹೊಸ ಕೈಪಿಡಿ ಕಂಡ ಕೂಡಲೇ ಕಣ್ಣು ಅರಳಲಿ ಅಂದರೆ ಆಗುತ್ತದೆಯೇ?

ಈ ತರಬೇತಿಗಳಲ್ಲಿ ವಿಷಯ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ಅದು ಬರುವ ದಾರಿ ಉದ್ದ. ರಾಜ್ಯದಿಂದ ಜಿಲ್ಲೆಗೆ, ಜಿಲ್ಲೆಯಿಂದ ತಾಲೂಕಿಗೆ, ತಾಲೂಕಿನಿಂದ ಕ್ಲಸ್ಟರ್‌ಗೆ. ನಮ್ಮ ಭಾಗದ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕಾಲುವೆಯ ತುದಿಯ ಹೊಲಕ್ಕೆ ನೀರು ಎಷ್ಟು ಮುಟ್ಟುತ್ತದೆ ಅಂತ ಅವರಿಗೆ ಗೊತ್ತು. ನಿಮ್ಮ ಶಾಲೆಗಳು ಆ ತುದಿಯಲ್ಲಿವೆ. ಮೇಲಿನಿಂದ ನೀರು ಬರಲಿ, ಬೇಡ ಅನ್ನುವುದಿಲ್ಲ. ಆದರೆ ಹೊಲದಲ್ಲೇ ಒಂದು ಬಾವಿ ಇರಬೇಕು.

ಅಮೆರಿಕದ ಬ್ರೂಸ್ ಜಾಯ್ಸ್ ಮತ್ತು ಬೆವರ್ಲಿ ಶವರ್ಸ್ ಎಂಬ ಇಬ್ಬರು ಸಂಶೋಧಕರು 1980ರ ಹೊತ್ತಿಗೇ ಒಂದು ಪ್ರಶ್ನೆಯ ಬೆನ್ನು ಹತ್ತಿದ್ದರು. ತರಬೇತಿಯಲ್ಲಿ ಕಲಿತದ್ದು ತರಗತಿಗೆ ಹೋಗುತ್ತದೆಯೇ ಅಂತ. ತರಬೇತಿಯಲ್ಲಿ ಅವರು ಐದು ಹೆಜ್ಜೆ ಗುರುತಿಸಿದರು: ವಿಷಯ ವಿವರಿಸುವುದು, ಮಾಡಿ ತೋರಿಸುವುದು, ಶಿಕ್ಷಕರಿಂದ ಮಾಡಿಸಿ ನೋಡುವುದು, ಹೇಗಾಯಿತು ಅಂತ ಹೇಳುವುದು, ಆಮೇಲೆ ಅವರ ತರಗತಿಗೇ ಹೋಗಿ ಜೊತೆ ನಿಲ್ಲುವುದು. ಈ ಕೊನೆಯದು ಇಲ್ಲದಿದ್ದರೆ ಉಳಿದದ್ದರಲ್ಲಿ ಬಹಳಷ್ಟು ತರಬೇತಿ ಕೋಣೆಯಲ್ಲೇ ಉಳಿದುಬಿಡುತ್ತದೆ ಅನ್ನುವುದು ಅವರ ಮಾತಿನ ಸಾರ. ಸಿಆರ್‌ಪಿ ಹುದ್ದೆ ಇರುವುದೇ ಈ ಕೊನೆಯ ಕೆಲಸಕ್ಕೆ. ದಿನವೂ ಶಾಲೆಯ ಬಾಗಿಲಿಗೆ ಹೋಗುವವರು ನೀವು. ಜಿಲ್ಲೆಯ ಶಿಕ್ಷಕರ ತರಬೇತಿ ಸಂಸ್ಥೆಯಾದ ಡಯಟ್‌ನ ಉಪನ್ಯಾಸಕರಿಗೆ ಆ ಭಾಗ್ಯ ಇಲ್ಲ.

ಆದರೆ ಏನಾಗಿದೆ? ನೀವು ಮಾಹಿತಿ ಒಯ್ಯುವವರಾಗಿದ್ದೀರಿ. ಮಕ್ಕಳ ಆನ್‌ಲೈನ್ ದಾಖಲೆಯಾದ ಎಸ್‌ಎಟಿಎಸ್‌ಗೆ ಎಂಟ್ರಿ ಆಯಿತಾ, ಮೊಟ್ಟೆ ತಿಂದವರೆಷ್ಟು, ಬಾಳೆಹಣ್ಣು ತಿಂದವರೆಷ್ಟು, ಇಂದೇ ಸಲ್ಲಿಸಿ, ಅತಿ ತುರ್ತು. ಇದು ನಿಮ್ಮ ತಪ್ಪಲ್ಲ, ತಪ್ಪಿಸಿಕೊಳ್ಳಲೂ ಆಗುವುದಿಲ್ಲ. ಒಂದು ಕೆಲಸ ಮಾಡಿ. ವಾಟ್ಸಾಪ್ ಗುಂಪು ಎರಡು ಮಾಡಿ. ಒಂದು ಮಾಹಿತಿಗೆ. ಇನ್ನೊಂದು ಪಾಠಕ್ಕೆ ಮಾತ್ರ. ಎರಡನೆಯದರಲ್ಲಿ ಸುತ್ತೋಲೆ, ಶುಭಾಶಯ, ಹುಟ್ಟುಹಬ್ಬ ಯಾವುದೂ ಬೇಡ. ಮಕ್ಕಳು ಬರೆದದ್ದು, ಶಿಕ್ಷಕರು ಮಾಡಿ ನೋಡಿದ್ದು ಮಾತ್ರ ಬರಲಿ. ಸಭೆಯಲ್ಲೂ ಹಾಗೇ. ಮಾಹಿತಿಗೆ ಕೊನೆಯ ಇಪ್ಪತ್ತು ನಿಮಿಷ ಇಡಿ. ಮೊದಲಿಗೆ ಇಟ್ಟರೆ ಸಭೆ ಪೂರ್ತಿ ಅದೇ ನುಂಗುತ್ತದೆ.

ಮೊದಲ ಭಾಗದಲ್ಲಿ ಏನು ಮಾಡುವುದು ಅಂದರೆ, ಭಾಷಣ ಬೇಡ, ಪಾಠ ಮಾಡಿ. ಮಕ್ಕಳನ್ನು ಎದುರಿಗೆ ಕೂರಿಸಿಕೊಂಡು ಮಾಡಿ. ಜಪಾನಿನ ಶಿಕ್ಷಕರು ನೂರು ವರ್ಷಕ್ಕೂ ಹಿಂದಿನಿಂದ ಇಂಥದ್ದನ್ನು ಮಾಡುತ್ತಾ ಬಂದಿದ್ದಾರೆ. ಜುಗ್ಯೋ ಕೆಂಕ್ಯೂ ಅಂತ ಕರೆಯುತ್ತಾರೆ, ಪಾಠದ ಅಧ್ಯಯನ ಅಂತ ಅರ್ಥ. ನಾಲ್ಕೈದು ಶಿಕ್ಷಕರು ಕೂಡಿ ಒಂದು ಪಾಠ ಯೋಜಿಸುತ್ತಾರೆ. ಒಬ್ಬರು ಕಲಿಸುತ್ತಾರೆ. ಉಳಿದವರು ನೋಡುತ್ತಾರೆ. ನೋಡುವುದು ಕಲಿಸುವವರನ್ನಲ್ಲ, ಮಕ್ಕಳನ್ನು. ಯಾವ ಮಗು ಎಲ್ಲಿ ನಿಂತಿತು, ಏನು ಬರೆದು ಅಳಿಸಿತು ಅಂತ ಬರೆದುಕೊಳ್ಳುತ್ತಾರೆ. ಆಮೇಲೆ ಚರ್ಚೆ, ಪಾಠ ತಿದ್ದುವುದು, ಬೇಕಾದರೆ ಮತ್ತೊಮ್ಮೆ ಕಲಿಸುವುದು.

ಎರಡು ಶಿಕ್ಷಕರ ಶಾಲೆ ಬಿಟ್ಟು ಬರುವುದು ಹೇಗೆ ಅಂತ ನೀವು ಕೇಳುತ್ತೀರಿ. ಶಾಲೆ ಬಿಡುವುದು ಬೇಡ. ಶನಿವಾರ ಬೆಳಗಿನ ಶಾಲೆ ಇರುತ್ತದೆ. ಸಭೆಯನ್ನು ಪ್ರತಿ ತಿಂಗಳು ಬೇರೆ ಬೇರೆ ಶಾಲೆಯಲ್ಲಿ ಇಡಿ. ಅಲ್ಲಿಯ ಹತ್ತು ಹನ್ನೆರಡು ಮಕ್ಕಳನ್ನು ಶಾಲೆ ಬಿಟ್ಟ ಮೇಲೆ ಮುಕ್ಕಾಲು ಗಂಟೆ ಉಳಿಸಿಕೊಳ್ಳಿ. ಮನೆಯವರಿಗೆ ಎರಡು ದಿನ ಮೊದಲೇ ಹೇಳಿ ಒಪ್ಪಿಗೆ ತಗೊಳ್ಳಿ. ಮಕ್ಕಳಿಗೆ ಒಂದೊಂದು ಪ್ಲೇಟು ಸುಸಲಾ ಮಾಡಿಸಿ, ಹಸಿದ ಮಗು ಲೆಕ್ಕ ಮಾಡುವುದಿಲ್ಲ. ಮೊದಲ ತಿಂಗಳು ಪಾಠ ಮಾಡುವವರು ನೀವೇ ಆಗಿರಬೇಕು. ಇದರಲ್ಲಿ ರಿಯಾಯಿತಿ ಇಲ್ಲ. ನಿಮ್ಮ ಪಾಠ ಅರ್ಧಕ್ಕೆ ನಿಂತರೂ ಪರವಾಗಿಲ್ಲ. ನಿಂತರೆ ಒಳ್ಳೆಯದೇ. "ಇಲ್ಲಿ ನನಗೆ ತಿಳೀಲಿಲ್ಲ, ನೀವಾಗಿದ್ದರೆ ಏನು ಮಾಡ್ತಿದ್ರಿ ಗುರುಗಳೇ?" ಅಂತ ಆ ಹಿರಿಯರನ್ನು ಕೇಳಿ. ಸುಮ್ನೆ ಮರ್ಯಾದೆಗೆ ಕೇಳಬೇಡಿ, ಉತ್ತರ ಬೇಕು ಅಂತಲೇ ಕೇಳಿ. ಅವರಿಗೆ ವ್ಯತ್ಯಾಸ ಗೊತ್ತಾಗುತ್ತದೆ.

ಹಿರಿಯರ ಬಗ್ಗೆ ಇನ್ನೊಂದು ಮಾತು. ನನ್ನ ತರಬೇತಿಗಳಲ್ಲಿ ಒಬ್ಬ ಗುರುಗಳು ಯಾವಾಗಲೂ ಕೊನೆಯ ಸಾಲಿನಲ್ಲಿ ಕೂತು ಪೇಪರ್ ಓದುತ್ತಿದ್ದರು. ನಿವೃತ್ತಿಗೆ ಮೂರು ವರ್ಷ ಇತ್ತು. ನಾನು ಅವರನ್ನು ಲೆಕ್ಕದಿಂದಲೇ ಬಿಟ್ಟಿದ್ದೆ. ಒಂದು ದಿನ ಅವರ ಶಾಲೆಗೆ ಹೋದೆ. ತಾಂಡಾದ ಶಾಲೆ, ಮಕ್ಕಳ ಮನೆಮಾತು ಲಂಬಾಣಿ. ಅವರು ಒಂದನೇ ತರಗತಿಗೆ ಕಥೆ ಹೇಳುತ್ತಿದ್ದರು. ಮೊದಲು ಲಂಬಾಣಿಯಲ್ಲಿ, ಅದೂ ಮಕ್ಕಳಿಂದಲೇ ಹೇಳಿಸುತ್ತಾ. ಆಮೇಲೆ ಅದೇ ಕಥೆ ಕನ್ನಡದಲ್ಲಿ. ಮೂರನೇ ಸಲ ಹೇಳುವಾಗ ನಡುನಡುವೆ ಒಂದು ಕನ್ನಡ ಮಾತು ಬಿಟ್ಟು ನಿಲ್ಲುತ್ತಿದ್ದರು, ಮಕ್ಕಳು ಒಕ್ಕೊರಲಿಂದ ಆ ಮಾತು ಹೇಳುತ್ತಿದ್ದರು. ಆ ಮಾತುಗಳೇ ಹಲಗೆಯ ಮೇಲೆ ಮೊದಲ ಓದುವ ಪಾಠ. ಮನೆಮಾತಿನ ಮೂಲಕ ಶಾಲೆಯ ಭಾಷೆಗೆ ಕರೆತರುವುದು ಅಂತ ನಾವು ಕೈಪಿಡಿಯಲ್ಲಿ ಪುಟಗಟ್ಟಲೆ ಬರೆದಿದ್ದೆವು. ಅವರು ಅದನ್ನು ಓದಿರಲಿಲ್ಲ, ಮಾಡುತ್ತಿದ್ದರು.

ಮುಂದಿನ ತರಬೇತಿಯಲ್ಲಿ ಆ ಒಂದು ತಾಸು ಅವರಿಗೆ ಬಿಟ್ಟುಕೊಟ್ಟೆ. ಅವತ್ತು ಅವರು ಪೇಪರ್ ತಂದಿರಲಿಲ್ಲ.

ನಿಮ್ಮ 14 ಶಾಲೆಗಳಲ್ಲೂ ಇಂಥವರಿದ್ದಾರೆ. ಮೊದಲ ಎರಡು ತಿಂಗಳು ಅವರನ್ನು ಹುಡುಕುವುದಕ್ಕೇ ಇಡಿ. ಯಾರು ಏನನ್ನು ಚೆನ್ನಾಗಿ ಮಾಡುತ್ತಾರೆ ಅಂತ ನಿಮ್ಮ ವಹಿಯಲ್ಲಿ ಬರೆದುಕೊಳ್ಳಿ. ಮುಧೋಳ ಕಬ್ಬಿನ ಸೀಮೆ. ಕಾರ್ಖಾನೆ ಶುರುವಾದರೆ ಕಬ್ಬು ಕಡಿಯುವ ಗ್ಯಾಂಗುಗಳು ಬರುತ್ತವೆ, ಜೊತೆಗೆ ಮಕ್ಕಳೂ ಬರುತ್ತಾರೆ. ವರ್ಷದ ನಡುವೆ ಬಂದು ವರ್ಷ ಮುಗಿಯುವ ಮೊದಲೇ ಹೋಗುವ ಆ ಮಕ್ಕಳನ್ನು ತರಗತಿಗೆ ಸೇರಿಸಿಕೊಂಡು ನಾಲ್ಕು ಅಕ್ಷರ ಕಲಿಸಿದ ಶಿಕ್ಷಕರು ನಿಮ್ಮಲ್ಲಿ ಯಾರೋ ಇದ್ದೇ ಇರುತ್ತಾರೆ. ಬೆಂಗಳೂರಿನಲ್ಲಿ ಬರೆದ ಕೈಪಿಡಿಗಿಂತ ಅವರ ಅನುಭವ ನಿಮ್ಮ ಸಭೆಗೆ ಹೆಚ್ಚು ಬೇಕು. ಬೆಳಗಾವಿ ಗಡಿಯ ಶಾಲೆಗಳಲ್ಲಿ ಮನೆಯಲ್ಲಿ ಮರಾಠಿ ಮಾತಾಡುವ ಮಕ್ಕಳಿಗೆ ಕನ್ನಡ ಓದಿಸುವವರದ್ದೂ ಇದೇ ಕಥೆ.

ಅತಿಥಿ ಶಿಕ್ಷಕರನ್ನು ಮರೆಯಬೇಡಿ. ಎಷ್ಟೋ ಶಾಲೆಗಳಲ್ಲಿ ತರಗತಿ ನಡೆಯುವುದೇ ಅವರಿಂದ, ತರಬೇತಿಗೆ ಮಾತ್ರ ಅವರ ಹೆಸರು ಬರುವುದಿಲ್ಲ. ನಿಮ್ಮ ಸಭೆಗೆ ಅವರನ್ನೂ ಕರೆಯಿರಿ. ಸಾಧ್ಯವಾಗದಿದ್ದರೆ ಶಾಲಾ ಭೇಟಿಯಲ್ಲಿ ಮೊದಲು ಅವರ ತರಗತಿಗೆ ಹೋಗಿ.

ಶಾಲಾ ಭೇಟಿ ಅಂದೆ. ಇಲ್ಲಿ ನಿಮ್ಮ ನಡತೆಯೇ ಎಲ್ಲ. ಬಹಳ ಜನ ಶಿಕ್ಷಕರಿಗೆ ಯಾರಾದರೂ ತರಗತಿಯೊಳಗೆ ಬಂದರು ಅಂದರೆ ತಪಾಸಣೆ ಅಂತಲೇ ಅರ್ಥ. ಅದಕ್ಕೆ ಕಾರಣ ಇದೆ, ಇಷ್ಟು ವರ್ಷ ಹಾಗೇ ಆಗಿದೆ. ಆದ್ದರಿಂದ ಹೋದ ಕೂಡಲೇ ಹಾಜರಿ ಪುಸ್ತಕ ಕೇಳಬೇಡಿ. ಫೋಟೋ ತೆಗೆಯಬೇಡಿ. ಕುರ್ಚಿ ತಂದರೆ ಬೇಡ ಅನ್ನಿ, ನೆಲದ ಮೇಲೆ ಮಕ್ಕಳ ಪಕ್ಕ ಕೂರಿ. ಮೂರು ಮಕ್ಕಳನ್ನು ಆರಿಸಿಕೊಂಡು ಅವರು ಬರೆದದ್ದನ್ನು ಹಾಗೇ ನಿಮ್ಮ ವಹಿಗೆ ಇಳಿಸಿಕೊಳ್ಳಿ. ಪಾಠ ಮುಗಿದ ಮೇಲೆ ಮುಖ್ಯ ಗುರುಗಳ ಎದುರಿಗೆ ಮಾತು ಬೇಡ. ಇಬ್ಬರೇ ಇದ್ದಾಗ ಆ ಪುಟ ತೋರಿಸಿ ಒಂದೇ ಪ್ರಶ್ನೆ ಕೇಳಿ: "ಈಕೆ 35 ಅಂತ ಯಾಕೆ ಬರೆದಳು ಅಂತೀರಿ?" ಅಲ್ಲಿಂದ ಮಾತು ತಾನೇ ಬೆಳೆಯುತ್ತದೆ. "ನೀವು ಹೀಗೆ ಮಾಡಬೇಕಿತ್ತು" ಅಂದರೆ ಅಲ್ಲಿಗೇ ಮುಗಿಯಿತು. ಮುಂದಿನ ಸಲ ನೀವು ಬರುವ ಸುದ್ದಿ ನಿಮಗಿಂತ ಮೊದಲು ಶಾಲೆ ತಲುಪಿರುತ್ತದೆ.

ಒಂದು ವಿಷಯದಲ್ಲಿ ಗಟ್ಟಿಯಾಗಿರಿ. ಎಲ್ಲವನ್ನೂ ಒಂದೇ ವರ್ಷದಲ್ಲಿ ಹಿಡಿಯಬೇಡಿ. ಈ ವರ್ಷ ಕಳೆಯುವ ಲೆಕ್ಕ ಮತ್ತು ಓದುವುದು, ಇಷ್ಟು ಸಾಕು ಅಂತ ಇಟ್ಟುಕೊಳ್ಳಿ. ಆಗಸ್ಟ್‌ನಲ್ಲಿ ಪ್ರತಿ ಶಾಲೆಯ ಮೂರು ಮಕ್ಕಳು ಬರೆದದ್ದನ್ನು ಎತ್ತಿಡಿ, ಡಿಸೆಂಬರ್‌ನಲ್ಲಿ ಅದೇ ಮಕ್ಕಳು ಬರೆದದ್ದನ್ನು ಪಕ್ಕದಲ್ಲಿಡಿ. ಶಿಕ್ಷಕರು ಬೆಳೆದರೋ ಇಲ್ಲವೋ ಅಂತ ಹಾಜರಿ ಹಾಳೆಯಲ್ಲಿ ಕಾಣುವುದಿಲ್ಲ, ಅಲ್ಲಿ ಕಾಣುತ್ತದೆ.

ದೀಕ್ಷಾ ಕೋರ್ಸುಗಳ ಬಗ್ಗೆ ಚಿಕ್ಕದಾಗಿ ಹೇಳಿಬಿಡುತ್ತೇನೆ. ವಿಡಿಯೋ ಓಡಲು ಬಿಟ್ಟು ಪ್ರಮಾಣಪತ್ರ ಇಳಿಸಿಕೊಳ್ಳುವುದು ಎಲ್ಲರಿಗೂ ಗೊತ್ತು. ಇಬ್ಬರು ಕೂಡಿ ನೋಡಿ, ಒಂದು ಕಡೆ ನಿಲ್ಲಿಸಿ, ನಾಳೆ ತರಗತಿಯಲ್ಲಿ ಒಂದನ್ನು ಮಾಡಿ ನೋಡಿ ಅಂತ ಹೇಳಿ. ಒಂಟಿಯಾಗಿ ಹತ್ತು ಕೋರ್ಸು ಮುಗಿಸುವುದಕ್ಕಿಂತ ಅದು ಮೇಲು.

ಇನ್ನು ನಿಮ್ಮದೇ ಕಲಿಕೆ. ವಾರಕ್ಕೆ ಒಂದು ಅವಧಿ ಪಾಠ ಮಾಡಿ. ಯಾವುದಾದರೂ ಒಂದೇ ಶಾಲೆ, ಒಂದೇ ತರಗತಿ, ವರ್ಷಪೂರ್ತಿ. ಬೇರೆ ಬೇರೆ ಕಡೆ ಒಂದೊಂದು ದಿನ ಮಾಡಿದರೆ ಅದು ಪ್ರದರ್ಶನ ಆಗುತ್ತದೆ. ಒಂದೇ ಮಕ್ಕಳ ಜೊತೆ ವರ್ಷ ಕಳೆದರೆ ನಿಮ್ಮ ಪಾಠದ ಫಲ ನಿಮಗೇ ಎದುರಾಗುತ್ತದೆ, ಒಳ್ಳೆಯದೂ ಕೆಟ್ಟದ್ದೂ. ಸಿಆರ್‌ಪಿ ಅವಧಿ ಮುಗಿದ ಮೇಲೆ ನೀವು ಮತ್ತೆ ಶಾಲೆಗೆ ಹೋಗುವವರು. ಆಗ ಕೈ ತುಕ್ಕು ಹಿಡಿದಿರಬಾರದು.

ಆಮೇಲೆ ಬರೆಯಿರಿ. ಧಾರವಾಡದಿಂದ ಶಿಕ್ಷಕರಿಗಾಗಿ ಬರುವ ಜೀವನ ಶಿಕ್ಷಣ ಪತ್ರಿಕೆ ನಿಮಗೆ ಗೊತ್ತಿರಬಹುದು. ಅದರ ಬೇರು ಒಂದೂವರೆ ಶತಮಾನದ ಹಿಂದಿನ ಮಠಪತ್ರಿಕೆಯಲ್ಲಿದೆ (ಇಲ್ಲಿ ಮಠ ಅಂದರೆ ಶಾಲೆ). ಈ ಭಾಗದಲ್ಲಿ ಕನ್ನಡ ಶಾಲೆಗಳು ಕಣ್ಣು ಬಿಡುತ್ತಿದ್ದ ಕಾಲದಲ್ಲೇ ಶಿಕ್ಷಕರಿಗೆ ಅಂತ ಒಂದು ಪತ್ರಿಕೆ ಬೇಕು ಅಂತ ನಮ್ಮ ಹಿರಿಯರಿಗೆ ಅನಿಸಿತ್ತು. ನಿಮ್ಮ ಕ್ಲಸ್ಟರ್‌ನ ಒಂದು ಪಾಠದ ಅನುಭವವನ್ನು ಎರಡು ಪುಟ ಬರೆದು ನೋಡಿ. ಅಚ್ಚಾಗದಿದ್ದರೂ ಚಿಂತೆ ಇಲ್ಲ. ಬರೆಯುವಾಗ "ಮಕ್ಕಳು ಸಂತೋಷದಿಂದ ಕಲಿತರು" ಅನ್ನುವ ಸಾಲು ಬಂದರೆ ಅಳಿಸಿ, ಯಾವ ಮಗು, ಏನು ಹೇಳಿತು ಅಂತ ಬರೆಯಿರಿ.

ಮುಂದಿನ ಸಭೆಗೆ ಆ ಗುರುಗಳ ಶಾಲೆಯನ್ನೇ ಕೇಳಿಕೊಳ್ಳಿ, "ಇಂಥಾವು ಭಾಳ ನೋಡೇವ್ರೀ" ಅಂದವರದ್ದು. ಎರಡು ದಿನ ಮೊದಲು ಹೋಗಿ ಅವರ ಜೊತೆ ಕೂತು ಪಾಠ ಯೋಜಿಸಿ. ಲೆಕ್ಕ 52ರಲ್ಲಿ 27 ಇರಲಿ. ಕಡ್ಡಿ ಚೀಲ ಮೊದಲೇ ತುಂಬಿಡಿ. ಪಾಠ ಮುಗಿದ ರಾತ್ರಿ ನನಗೆ ಬರೆಯಿರಿ. ಸಭೆ ಹೇಗಾಯಿತು ಅಂತ ಬೇಡ, ಮಕ್ಕಳು ಬರೆದ ಉತ್ತರಗಳನ್ನು ಹಾಗೇ ಕಳಿಸಿ. ತಪ್ಪಾದವನ್ನು ಮೇಲೆ ಇಡಿ, ಮೊದಲು ಅವನ್ನೇ ನೋಡುತ್ತೇನೆ.